ಇದಕ್ಕೆ ಯಾರಾದರೂ ಇದೀರಾ?

ಬೇಡದ ವಸ್ತುವನ್ನು ಮನೆಯಿಂದ ಹೊರಗೆ ಹಾಕುವುದಕ್ಕೆ ಒಂದು ಬಗೆಯ ಎದೆಗಾರಿಕೆ ಬೇಕು. ಅದು ನನ್ನಲ್ಲಿಲ್ಲ, ನಮ್ಮ ವಂಶದಲ್ಲೇ ಇಲ್ಲ. ಅಜ್ಜಂಪುರದ ನಮ್ಮ ಮನೆಯ ಅಟ್ಟಕ್ಕೆ ಏಣಿ ಹಾಕಿ ಹತ್ತಿದವರು ತಲೆ ತೂರಿಸಬಹುದೇ ಹೊರತು ಕಾಲಿಡಲು ಜಾಗವಿಲ್ಲ. ತಳ ಹೋದ ಹಂಡೆ, ಬಟ್ಟೆ ಹರಿದು ಕಡ್ಡಿ ಮಾತ್ರ ಉಳಿದ ಕೊಡೆ, ಒಂದು ಕಾಲು ಕಳೆದುಕೊಂಡ ತೊಟ್ಟಿಲು, ಹಿಡಿಯಿಲ್ಲದ ಕೊಡಲಿ, ಕೊಡಲಿಯಿಲ್ಲದ ಹಿಡಿ. ಈ ಕೊನೆಯ ಎರಡನ್ನು ಒಂದಕ್ಕೊಂದು ಸೇರಿಸಬಾರದೇ ಎಂದು ನೀವು ಕೇಳಬಹುದು. ನಾನೂ ಒಮ್ಮೆ ಅಮ್ಮನನ್ನು ಕೇಳಿದ್ದೆ. “ಕೊಡ್ಲಿ ನಿಮ್ ತಾತಂದು, ಹಿಡಿ ನಿಮ್ ಚಿಕ್ಕ ತಾತಂದು. ಇರೋವರ್ಗೂ ಅಣ್ಣ ತಮ್ಮ ಮಾತಾಡ್ಲಿಲ್ಲ. ಈಗ ನಾವು ಸೇರ್ಸಿದ್ರೆ ಚೆನ್ನಾಗಿರುತ್ತೇನೋ?” ಎಂದಳು. ನಾನು ಏಣಿ ಇಳಿದೆ.

ನಮ್ಮ ಮನೆಯಲ್ಲಿ ಒಂದು ಅಲಿಖಿತ ಕಾನೂನು. ಯಾವ ವಸ್ತುವನ್ನೇ ಆಗಲಿ ಹೊರಗೆ ಹಾಕಬೇಕಾದರೆ ಮನೆಯವರೆಲ್ಲರ ಒಪ್ಪಿಗೆ ಬೇಕು. ಒಬ್ಬರು “ಇರ್ಲಿ” ಅಂದರೂ ಸಾಕು, ಅದು ಮತ್ತೆ ಅಟ್ಟ ಸೇರುತ್ತದೆ. ಈ ಕಾನೂನನ್ನು ನಮಗಿಂತ ನಿಷ್ಠೆಯಿಂದ ಪಾಲಿಸುತ್ತಿದ್ದವರು ಹಳೇ ಸಾಮಾನು ಕೊಳ್ಳಲು ಬರುತ್ತಿದ್ದ ಬಾಷಾ ಸಾಹೇಬರು. ತರೀಕೆರೆಯಿಂದ ಬಸ್ಸಿನ ಮೇಲೆ ಸೈಕಲ್ಲು ಹಾಕಿಕೊಂಡು ಬಂದು, ಅಜ್ಜಂಪುರದ ಬೀದಿಗಳಲ್ಲಿ ಅದನ್ನು ತಳ್ಳಿಕೊಂಡು ತಿರುಗುತ್ತಿದ್ದರು. ಎಪ್ಪತ್ತರ ದಶಕದಲ್ಲಿ ಒಮ್ಮೆ ನಾವು ತೂತು ಬಿದ್ದ ತಂಬಿಗೆಯೊಂದನ್ನು ಅವರಿಗೆ ಹಾಕಿಬಿಟ್ಟಿದ್ದೆವು. ಮಾರನೆಯ ದಿನವೇ ದೇವನೂರಿನಿಂದ ಸೋದರತ್ತೆ ಬಂದಿಳಿದರು. ಬಂದವರು ಕಾಲು ತೊಳೆದು ಕೇಳಿದ ಮೊದಲ ವಸ್ತುವೇ ಆ ತಂಬಿಗೆ. ಚಿಕ್ಕಂದಿನಲ್ಲಿ ಅವರು ಹಾಲು ಕುಡಿಯುತ್ತಿದ್ದದ್ದು ಅದರಲ್ಲಂತೆ. ಅತ್ತೆ ಊಟ ಮಾಡಲಿಲ್ಲ. ನಾನು ತರೀಕೆರೆಯ ಬಸ್ಸು ಹತ್ತಿದೆ. ಬಾಷಾ ಸಾಹೇಬರು ರಾಶಿಯ ಬುಡದಿಂದ ತಂಬಿಗೆ ಹುಡುಕಿ ತೆಗೆದು, ತಮ್ಮ ಪಂಚೆಯ ಅಂಚಿನಿಂದ ಒರೆಸಿ ಕೈಗಿಟ್ಟರು. “ತಪ್ಪಾಯ್ತು ಮೇಷ್ಟ್ರೇ, ನಾನು ಕೇಳ್ಬೇಕಾಗಿತ್ತು” ಎಂದರು. ತಪ್ಪು ಮಾಡಿದ್ದು ನಾವು, ಕ್ಷಮೆ ಕೇಳಿದ್ದು ಅವರು.

ಅಂದಿನಿಂದ ಅವರು ಯಾರ ಮನೆಯಲ್ಲೂ ಕೇಳದೆ ಒಂದು ಮೊಳೆಯನ್ನೂ ತೂಗಲಿಲ್ಲ. ನಮ್ಮ ಅಂಗಳದಲ್ಲಿ ನಿಂತು, ವಸ್ತುವನ್ನು ತಲೆಗಿಂತ ಮೇಲೆ ಎತ್ತಿ ಹಿಡಿದು, “ಇದ್ಕೆ ಯಾರಾದ್ರೂ ಇದೀರಾ ಅಮ್ಮಾ?” ಎಂದು ಕೂಗುತ್ತಿದ್ದರು. ಅಡಿಗೆಮನೆಯಿಂದ ಉತ್ತರ ಬರಬೇಕು, ಹಿತ್ತಲಿನಿಂದ ಬರಬೇಕು, ದೇವರ ಕೋಣೆಯಿಂದಲೂ ಬರಬೇಕು. ಯಾರಾದರೂ ಬಚ್ಚಲಿನಲ್ಲಿದ್ದರೆ ಅವರು ತಲೆ ಒರೆಸಿಕೊಂಡು ಬರುವವರೆಗೆ ಬಾಷಾ ಸಾಹೇಬರು ಜಗಲಿಯ ಮೇಲೆ ಕೂತು ಕಾಯುತ್ತಿದ್ದರು. ಇಂಥ ನಿಧಾನದಲ್ಲಿ ಈ ಮನುಷ್ಯನ ವ್ಯಾಪಾರ ಹೇಗೆ ನಡೆಯುತ್ತದೆ ಎಂದು ನಾನು ನಗುತ್ತಿದ್ದೆ. ನಾನು ಗಣಿತದ ಮೇಷ್ಟ್ರು. ನಮ್ಮ ಮನೆಯವರ ಈ ದೌರ್ಬಲ್ಯ ನನ್ನನ್ನು ಮುಟ್ಟಿಲ್ಲ ಎಂದು ಬಲವಾಗಿ ನಂಬಿದ್ದೆ. ಎಂಬತ್ತರ ದಶಕದ ನಡುವಿನಲ್ಲಿ ನಮ್ಮ ಶಾಲೆಗೆ ಕಂಪ್ಯೂಟರ್ ಬರುವವರೆಗೆ ಆ ನಂಬಿಕೆ ಚೆನ್ನಾಗಿಯೇ ಇತ್ತು.

ಕಂಪ್ಯೂಟರ್ ಎಂದರೆ ಈಗ ನೀವು ಏನೇನೋ ಊಹಿಸಿಕೊಳ್ಳಬೇಡಿ. ನೋಡಲು ದಪ್ಪ ತಳದ ಟೈಪ್‌ರೈಟರ್. ಅದಕ್ಕೊಂದು ಕಪ್ಪು ಬಿಳುಪಿನ ಟೀವಿ. ಮೈಸೂರಿನಲ್ಲಿ ಬೇಸಿಗೆ ರಜೆಯ ತರಬೇತಿ ಮುಗಿಸಿಕೊಂಡು ಬಂದಿದ್ದೆನಾದ್ದರಿಂದ ಯಂತ್ರದ ಕೋಣೆಯ ಬೀಗದ ಕೈ ನನ್ನ ಸೊಂಟದ ಉಡಿದಾರಕ್ಕೆ ಬಂತು. ನನ್ನ ಹೆಂಡತಿ ಗಿರಿಜೆ ಅದಕ್ಕೊಂದು ಹೂವಿನ ಚಿತ್ರದ ಗೌಸು ಹೊಲಿದುಕೊಟ್ಟಳು. ಆಯುಧಪೂಜೆಯಲ್ಲಿ ಹಚ್ಚಿದ ಕುಂಕುಮ ಉದುರಿ ಯಂತ್ರದ ಒಂದು ಅಕ್ಷರದ ಗುಂಡಿ ಕೆಲವು ದಿನ ಕಚ್ಚಿಕೊಂಡಿತ್ತು. ಆದರೆ ಕೋಣೆಯ ಬಾಗಿಲು ಹಾಕಿ ಅದರ ಮುಂದೆ ಕೂತಾಗ ನನಗಾಗುತ್ತಿದ್ದದ್ದನ್ನು ಹೇಗೆ ಹೇಳಲಿ! ನಾನು ಬರೆದದ್ದನ್ನು ಓದಿ, ಅರ್ಥ ಮಾಡಿಕೊಂಡು, ನಾನು ಹೇಳಿದ ಹಾಗೆಯೇ ನಡೆಯುವ ಜೀವವೊಂದು ಈ ಭೂಮಿಯ ಮೇಲಿದೆ ಎಂಬುದೇ ನನಗೆ ಹೊಸದು. ಮೈ ಜುಮ್ಮೆನ್ನುತ್ತಿತ್ತು. ಅದರ ಎದುರು ಚಪ್ಪಲಿ ಹಾಕಿಕೊಂಡು ಕೂರಲು ನನಗೆ ಕೊನೆಯವರೆಗೂ ಮನಸ್ಸಾಗಲಿಲ್ಲ.

ಶಾಲೆಯ ಸಮಿತಿಯ ಅಧ್ಯಕ್ಷರಾದ ಶಿವಲಿಂಗಪ್ಪನವರಿಗೆ ಮಾತ್ರ ಮೈ ಜುಮ್ಮೆನ್ನಲಿಲ್ಲ. ಅವರದು ಕೊಬ್ಬರಿ ಮಂಡಿ. ಕೈಗೆ ತೆಗೆದುಕೊಂಡು ಅಲುಗಾಡಿಸಿ ನೋಡದೆ ಯಾವುದನ್ನೂ ನಂಬದ ಮನುಷ್ಯ. ಒಂದು ದಿನ ಕೋಣೆಗೆ ಬಂದು ಯಂತ್ರವನ್ನು ಸುತ್ತಲೂ ನೋಡಿದರು. “ಮೇಷ್ಟ್ರೇ, ತರೀಕೆರೆ ಸ್ಕೂಲಿನವ್ರು ಇದನ್ನ ನಮಗೆ ಕೊಡಿ ಅಂತ ಕೇಳ್ತಾವ್ರೆ. ಅಲ್ಲಿ ನಡೆಸೋರು ಇದಾರಂತೆ. ವಾರ್ಷಿಕೋತ್ಸವದಲ್ಲಿ ಜನದ ಮುಂದೆ ಏನಾದ್ರೂ ಮಾಡಿ ತೋರ್ಸಿ. ತೋರ್ಸಿದ್ರೆ ಇಲ್ಲೇ ಇರ್ಲಿ. ಇಲ್ದಿದ್ರೆ ಕಳ್ಸಿಬಿಡಾಣ” ಎಂದರು. ಆ ದಿನ ನನಗೆ ಊಟ ಸೇರಲಿಲ್ಲ. ತಂಬಿಗೆಗಾಗಿ ಅತ್ತೆ ಏಕೆ ಊಟ ಬಿಟ್ಟರು ಎಂದು ಅಷ್ಟು ವರ್ಷಗಳ ಮೇಲೆ ಸ್ವಲ್ಪ ಅರ್ಥವಾಯಿತು.

ಏನು ತೋರಿಸುವುದು? ನಮ್ಮ ಕಡೆಯ ಸಮಾರಂಭಗಳನ್ನು ನೋಡಿದವರಿಗೆ ಗೊತ್ತು, ಅದರಲ್ಲಿ ಜನ ಕಿವಿಗೊಟ್ಟು ಕೇಳುವುದು ಒಂದೇ ಒಂದು ಭಾಗವನ್ನು: ಸ್ವಾಗತ ಭಾಷಣ. ತಮ್ಮ ಹೆಸರು ಬಂತೋ ಇಲ್ಲವೋ, ಬಂದರೆ ಯಾರ ಮುಂದೆ, ಯಾರ ಹಿಂದೆ ಎಂದು ತಿಳಿದುಕೊಂಡ ಮೇಲೆ ಉಳಿದದ್ದಕ್ಕೆ ಆಕಳಿಸುತ್ತಾರೆ. ಹೆಸರು ಬಿಟ್ಟುಹೋದರೆ ಮೂರು ತಲೆಮಾರಿನ ಮುನಿಸು. ಆದ್ದರಿಂದ ಯಂತ್ರದಿಂದಲೇ ಸ್ವಾಗತ ಮಾಡಿಸುವುದೆಂದು ತೀರ್ಮಾನಿಸಿದೆ. ಟೀವಿಯ ಪರದೆಯ ಮೇಲೆ ಬಲದಿಂದ ಎಡಕ್ಕೆ ಒಂದೊಂದೇ ಅಕ್ಷರ ಸರಿಯುತ್ತಾ ಹೆಸರುಗಳ ಮೆರವಣಿಗೆ ಹೋಗಬೇಕು. ಹಿಂದೆ ಕೂತವರಿಗೆ ಕಾಣದಾದ್ದರಿಂದ ಡ್ರಿಲ್ ಮೇಷ್ಟ್ರು ಮೈಕಿನಲ್ಲಿ ಓದಬೇಕು. ಯಂತ್ರಕ್ಕೆ ಕನ್ನಡ ಬರುತ್ತಿರಲಿಲ್ಲವಾಗಿ ಹೆಸರುಗಳೆಲ್ಲ ಇಂಗ್ಲಿಷ್ ಅಕ್ಷರದಲ್ಲಿದ್ದವು.

ಹೆಸರು ತುಂಬಲು ಕೂತಾಗ ನಮ್ಮ ಅಟ್ಟದ ರಕ್ತ ನನ್ನಲ್ಲೂ ಹರಿಯುತ್ತಿದೆಯೆಂದು ಗೊತ್ತಾಯಿತು. ಬರುವವರ ಹೆಸರು ಹಾಕಿದೆ. ಬರಬಹುದಾದವರ ಹೆಸರು ಹಾಕಿದೆ. ಬರುವುದಿಲ್ಲ, ಆದರೆ ಆಮೇಲೆ ವಿಚಾರಿಸುತ್ತಾರೆ ಎನ್ನುವವರ ಹೆಸರು ಹಾಕಿದೆ. ಲಕ್ಕವಳ್ಳಿಗೆ ವರ್ಗವಾಗಿ ಹೋದ ಮೇಷ್ಟ್ರುಗಳು, ಹಳೆಯ ಅಧ್ಯಕ್ಷರು, ಜಾಗ ಕೊಟ್ಟವರು, ಬಾವಿ ತೋಡಿಸಿದವರು, ಕಾಲವಾದವರು, ಎಲ್ಲರೂ ಒಳಗೆ ಹೋದರು. ಮನೆಯಲ್ಲಿ ಅಮ್ಮ ಬೇರೆ.

“ಸಖರಾಯಪಟ್ಟಣದ ನಿಮ್ಮಾವನ ಹೆಸ್ರು ಹಾಕ್ದೆಯೇನೋ?”

“ಅವ್ರು ಬರಲ್ಲ ಕಣಮ್ಮ.”

“ಬರ್ದಿದ್ರೇನು, ಕೇಳ್ತಾರೆ. ರುದ್ರಪ್ಪ ಮೇಷ್ಟ್ರನ್ನ ಎಲ್ಲಿ ಹಾಕಿದೀಯ?”

“ಹಳೇ ಮೇಷ್ಟ್ರುಗಳ ಸಾಲಲ್ಲಿ.”

“ನಮ್ ಬೀದಿಯವ್ರ ಸಾಲಲ್ಲೂ ಹಾಕು. ಮೇಷ್ಟ್ರಾಗೋಕ್ಕೆ ಮುಂಚೆ ಅವ್ರು ನಮ್ ಬೀದಿಯವ್ರು.”

ರುದ್ರಪ್ಪ ಮೇಷ್ಟ್ರು ನಮ್ಮ ಊರಿನ ಅರ್ಧಕ್ಕರ್ಧ ಜನಕ್ಕೆ ಮಗ್ಗಿ ಕಲಿಸಿದವರು, ನನಗೂ, ಶಿವಲಿಂಗಪ್ಪನವರಿಗೂ. ಯಾರಾದರೂ ಉತ್ತರವನ್ನು ಅರ್ಧಕ್ಕೆ ನಿಲ್ಲಿಸಿದರೆ “ಪೂರ್ತಿ ಹೇಳೋ ಲೇ” ಎಂದು ಬೆತ್ತದಿಂದ ಮೇಜು ಕುಟ್ಟುತ್ತಿದ್ದರು. ಅವರು ತೀರಿಹೋಗಿ ಕೆಲವು ವರ್ಷಗಳಾಗಿದ್ದವು. ಅಮ್ಮ ಹೇಳಿದಂತೆ ಅವರನ್ನು ಎರಡು ಕಡೆ ಹಾಕಿದೆ.

ಅಭ್ಯಾಸದ ದಿನ ಶಿವಲಿಂಗಪ್ಪನವರು ಮುಂದಿನ ಕುರ್ಚಿಯಲ್ಲಿ ಕೂತರು. ಮೆರವಣಿಗೆ ಶುರುವಾಯಿತು. ಅಕ್ಷರಗಳು ಇರುವೆಯ ಸಾಲಿನಂತೆ ಸರಿಯತೊಡಗಿದವು. ಡ್ರಿಲ್ ಮೇಷ್ಟ್ರು ಕಂಚಿನ ಕಂಠದಲ್ಲಿ ಓದುತ್ತಾ ಬಂದು, “ಮಾನ್ಯ ಅಧ್ಯಕ್ಷರಾದ ಶ್ರೀ ಶಿವಲಿಂ…” ಎಂದು ಬಾಯಿ ತೆರೆದವರು ಹಾಗೇ ನಿಂತರು. ಪರದೆಯೂ ನಿಂತಿತ್ತು. ನಾನು ಒಂದು ಗುಂಡಿ ಒತ್ತಿದೆ. ಏನೂ ಆಗಲಿಲ್ಲ. ಇನ್ನೊಂದು ಒತ್ತಿದೆ. ಟೀವಿಯ ತಲೆ ತಟ್ಟಿದೆ. ಬದುಕಿರುವ ಮನುಷ್ಯನ ಹೆಸರು ಅರ್ಧಕ್ಕೆ ನಿಂತರೆ ಊರಿನಲ್ಲಿ ಏನೆನ್ನುತ್ತಾರೆ ಎಂದು ನಿಮಗೆ ಹೇಳಬೇಕಾಗಿಲ್ಲ. ಶಿವಲಿಂಗಪ್ಪನವರು ಅಂಗಿಯ ಮೇಲಿಂದಲೇ ಎದೆ ಮುಟ್ಟಿಕೊಂಡು ಲಿಂಗ ಇದೆಯೇ ಎಂದು ನೋಡಿಕೊಂಡರು. ಕಾಫಿ ಬಂತು, ಕುಡಿದದ್ದೂ ಆಯಿತು. ಆಗ ಇದ್ದಕ್ಕಿದ್ದಂತೆ “…ಗಪ್ಪನವರು” ಎಂದು ಅಕ್ಷರಗಳು ಏನೂ ಆಗದವರ ಹಾಗೆ ಮುಂದುವರಿದವು.

“ಎಲ್ಲಿಗೆ ಹೋಗಿತ್ರೀ ಇದು?” ಶಿವಲಿಂಗಪ್ಪನವರು ಮೆಲ್ಲಗೆ ಕೇಳಿದರು. ನಾನು ಟೀವಿಯ ಹಿಂದಿನ ತಂತಿ ಎಳೆದು ನೋಡುತ್ತಿದ್ದೆ. “ನಾಳಿದ್ದು ವಾರ್ಷಿಕೋತ್ಸವ. ಆವತ್ತು ಹೀಗಾದ್ರೆ ತರೀಕೆರೆಯವ್ರಿಗೆ ಹೇಳಿಕಳ್ಸಿಬಿಡ್ತೀನಿ” ಎಂದು ಎದ್ದು ಹೋದರು.

ಮಾರನೆಯ ಬೆಳಿಗ್ಗೆ ಪ್ಯಾಸೆಂಜರ್ ರೈಲು ಹತ್ತಿ, ಬೀರೂರು ದಾಟಿ ಕಡೂರಿನಲ್ಲಿ ಇಳಿದೆ. ಮೈಸೂರಿನ ತರಬೇತಿಯಲ್ಲಿ ನನ್ನ ಪಕ್ಕ ಕೂತಿದ್ದ ನಾಗರಾಜು ಅಲ್ಲಿ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದ. ಬಸ್‌ಸ್ಟ್ಯಾಂಡಿನ ಎದುರಿನ ಹೋಟೆಲಿನಲ್ಲಿ ಕಾಫಿ ಹೇಳಿ, ನನ್ನ ಕಷ್ಟ ಕೇಳಿ, ನಕ್ಕುಬಿಟ್ಟ.

“ಅದು ಕೆಟ್ಟಿಲ್ಲ ಸಾರ್. ಕಸ ಗುಡಿಸ್ತಾ ಇತ್ತು. ಗಾರ್ಬೇಜ್ ಕಲೆಕ್ಷನ್ ಅಂತಾರೆ.”

ಯಾವ ಕಸ? ನಮ್ಮ ಕೋಣೆಯನ್ನು ನಾನೇ ದಿನಾ ಗುಡಿಸುತ್ತಿದ್ದೆ. ನಾಗರಾಜು ಬಿಡಿಸಿ ಹೇಳಿದ. ಪರದೆಯ ಸಾಲು ಒಂದು ಅಕ್ಷರ ಸರಿಯಬೇಕಾದರೆ ಯಂತ್ರ ಹಳೆಯ ಸಾಲನ್ನು ತಿದ್ದುವುದಿಲ್ಲವಂತೆ. ಪಕ್ಕದಲ್ಲಿ ಹೊಸದೊಂದನ್ನು ಬರೆದುಕೊಂಡು ಹಳೆಯದನ್ನು ಇದ್ದಲ್ಲೇ ಬಿಡುತ್ತದಂತೆ. ಹೀಗೆ ಬಿಟ್ಟ ಸಾಲುಗಳು ರಾಶಿ ಬಿದ್ದು ಅದರ ಮೆಮೊರಿಯಲ್ಲಿ ಜಾಗ ಮುಗಿದಾಗ, ಕೈಯಲ್ಲಿದ್ದ ಕೆಲಸ ನಿಲ್ಲಿಸಿ ಗುಡಿಸಲು ಹೊರಡುತ್ತದಂತೆ.

“ಸರಿ, ಗುಡಿಸ್ಲಿ. ಅಷ್ಟು ಹೊತ್ತು ಯಾಕೆ?”

“ಸುಮ್ನೆ ಬಾಚಿ ಎಸೆಯಲ್ಲ ಸಾರ್ ಅದು. ನೀವು ಪ್ರೋಗ್ರಾಮಿನಲ್ಲಿ ಹೆಸರಿಗೊಂದರಂತೆ ಎಷ್ಟು ಪೆಟ್ಟಿಗೆ ಮಾಡಿದೀರೋ ಅಷ್ಟೂ ಪೆಟ್ಟಿಗೆ ಹತ್ರ ಹೋಗಿ, ನೀನು ಏನು ಹಿಡ್ಕೊಂಡಿದೀಯ ಅಂತ ಕೇಳುತ್ತೆ. ಯಾರಾದ್ರೂ ಒಬ್ರು ಹಿಡ್ಕೊಂಡಿದ್ರೆ ಆ ಹೆಸರನ್ನ ಜೋಪಾನವಾಗಿ ಎತ್ತಿ ಒಂದು ಕಡೆ ಇಡುತ್ತೆ. ಒಂದನ್ನ ಎತ್ತಿಟ್ಟ ಮೇಲೆ ಮತ್ತೆ ಮೊದಲಿಂದ ಎಲ್ಲರನ್ನೂ ಕೇಳ್ಕೊಂಡು ಬರುತ್ತೆ. ಯಾರೂ ಹಿಡೀದೆ ಇರೋದು ಮಾತ್ರ ಕಸ.”

ನಾನು ಕಾಫಿ ಲೋಟ ಹಿಡಿದುಕೊಂಡು ಹಾಗೇ ಕೂತುಬಿಟ್ಟೆ. ಟೀವಿಗೆ ಅಂಟಿಸಿದ ಆ ಟೈಪ್‌ರೈಟರಿನ ಒಳಗೆ, ಯಾರಿಗೂ ಕಾಣದ ಜಾಗದಲ್ಲಿ, ಒಂದೊಂದು ಹೆಸರನ್ನೂ ತಲೆಗಿಂತ ಮೇಲೆ ಎತ್ತಿ ಹಿಡಿದು “ಇದ್ಕೆ ಯಾರಾದ್ರೂ ಇದೀರಾ?” ಎಂದು ಕೂಗುವವರೊಬ್ಬರಿದ್ದಾರೆ! ಬಾಷಾ ಸಾಹೇಬರು ತಂಬಿಗೆಯೊಂದು ಕಲಿಸಿದ ಪಾಠದಿಂದ ಪಾಲಿಸುತ್ತಿದ್ದ ಧರ್ಮವನ್ನು, ಅವರನ್ನು ಕಂಡರಿಯದ ಯಾರೋ ಎಲ್ಲೋ ಕೂತು ಯಂತ್ರಕ್ಕೆ ಕಲಿಸಿದ್ದಾರೆ. ಕೇಳದೆ ಒಂದು ಅಕ್ಷರವನ್ನೂ ಎಸೆಯಬೇಡ ಎಂದು ಹೇಳಿಕೊಟ್ಟಿದ್ದಾರೆ. ನನ್ನ ಕಣ್ಣು ತುಂಬಿಬಂತು. ನಾಗರಾಜು ಕಾಫಿ ಬಿಸಿ ಹೆಚ್ಚಾಯಿತೆಂದು ತಿಳಿದ.

“ಈಗ ಏನು ಮಾಡ್ಲಿ?”

“ಕೈ ಬಿಡಿ ಸಾರ್” ಎಂದ ನಾಗರಾಜು. ಮೇಜು ಒರೆಸುವವನು ಆಗಲೇ ಎರಡು ಸಲ ಬಂದು ನನ್ನ ಖಾಲಿ ಲೋಟ ನೋಡಿ ಹಿಂದಿರುಗಿದ್ದನಂತೆ. ನಾನು ಕೈ ತೆಗೆದೆ. ಅವನು ಬಂದು ಎತ್ತಿಕೊಂಡು ಹೋದ. “ನೋಡಿ, ಇಷ್ಟೇ. ಲೋಟ ನೀವು ಎಸೀಬೇಕಾಗಿಲ್ಲ. ಬಿಟ್ರೆ ಸಾಕು, ತಗೊಂಡು ಹೋಗೋರು ತಗೊಂಡು ಹೋಗ್ತಾರೆ. ಬೇಡದ ಹೆಸರಿನ ಪೆಟ್ಟಿಗೆಗಳಿಗೆ ಏನೂ ಇಲ್ಲ ಅಂತ ಬರೀರಿ. ಅದು ಕೇಳ್ಬೇಕಾದ ಹೆಸರು ಕಮ್ಮಿಯಾದ್ರೆ ಕಣ್ಣು ಮಿಟುಕಿಸೋದ್ರಲ್ಲಿ ಗುಡಿಸಿ ಮುಗಿಸುತ್ತೆ.”

ಹೇಳುವುದಕ್ಕೇನು, ಸುಲಭ. ಸಂಜೆ ಅಜ್ಜಂಪುರಕ್ಕೆ ಬಂದವನೇ ಯಂತ್ರದ ಮುಂದೆ ಕೂತೆ. ಪೆಟ್ಟಿಗೆಯೊಂದನ್ನು ಖಾಲಿ ಮಾಡಲು ಅದರ ಗುರುತು ಬರೆದು, ಮುಂದೆ ಎರಡು ಉದ್ಧರಣ ಚಿಹ್ನೆ ಹಾಕಬೇಕು. ನಡುವೆ ಏನನ್ನೂ ಬರೆಯಬಾರದು. ವರ್ಗವಾಗಿ ಹೋದವರನ್ನು ಬಿಟ್ಟೆ, ಅಷ್ಟೇನೂ ನೋವಾಗಲಿಲ್ಲ. ಸಖರಾಯಪಟ್ಟಣದ ಮಾವನನ್ನು ಬಿಟ್ಟೆ. ನಿಜ ಹೇಳಬೇಕೆಂದರೆ ಹಾಯೆನಿಸಿತು. ಕಾಲವಾದವರ ಸಾಲಿಗೆ ಬಂದೆ. ಜಾಗ ಕೊಟ್ಟವರು, ಬಾವಿ ತೋಡಿಸಿದವರು, ಒಬ್ಬೊಬ್ಬರಿಗೂ ಮನಸ್ಸಿನಲ್ಲೇ ಕೈಮುಗಿದು ಚಿಹ್ನೆ ಹಾಕಿದೆ. ಕೊನೆಗೆ ಉಳಿದವರು ರುದ್ರಪ್ಪ ಮೇಷ್ಟ್ರು. ನನಗೆ ಲೆಕ್ಕ ಕಲಿಸಿದ ಹೆಸರನ್ನು ನಾನೇ ಖಾಲಿ ಮಾಡುವುದು ಹೇಗೆ? ಬಹಳ ಹೊತ್ತು ಕೂತೆ. ಯಂತ್ರ ಊರಲ್ಲೇ ಉಳಿಯಬೇಕು, ಮಕ್ಕಳು ಕಲಿಯಬೇಕು, ಇದನ್ನು ಕಂಡಿದ್ದರೆ ಮೇಷ್ಟ್ರೂ ಕುಣಿದಾಡುತ್ತಿದ್ದರು ಎಂದು ನನಗೆ ನಾನೇ ಹೇಳಿಕೊಂಡು, ಹಳೇ ಮೇಷ್ಟ್ರುಗಳ ಸಾಲಿನಿಂದ ಅವರ ಕೈ ಬಿಟ್ಟೆ. ದೀಪ ಆರಿಸಿ ಮನೆಗೆ ಹೋದೆ. 

ವಾರ್ಷಿಕೋತ್ಸವದ ದಿನ ಶಾಲೆಯ ಮುಂದೆ ಜನವೋ ಜನ. ಬಾಷಾ ಸಾಹೇಬರೂ ಸೈಕಲ್ಲು ಗೋಡೆಗೆ ಒರಗಿಸಿ ನಿಂತಿದ್ದರು. ಮೆರವಣಿಗೆ ಹೊರಟಿತು. ಡ್ರಿಲ್ ಮೇಷ್ಟ್ರು ಅಧ್ಯಕ್ಷರ ಹೆಸರಿನ ಹತ್ತಿರ ಬರುವಾಗ ನಾನು ಉಸಿರು ಬಿಗಿಹಿಡಿದೆ. “ಶ್ರೀ ಶಿವಲಿಂಗಪ್ಪನವರು!” ಹೆಸರು ಇಡಿಯಾಗಿ, ತಡೆಯಿಲ್ಲದೆ ಹೋಯಿತು. ಒಳಗೆ ಯಾವಾಗಲೋ ಗುಡಿಸಿದ್ದಿರಬೇಕು, ಹೊರಗೆ ಯಾರಿಗೂ ತಿಳಿಯಲಿಲ್ಲ. ಚಪ್ಪಾಳೆ ಬಿತ್ತು. ಆಮೇಲೆ ನಮ್ಮ ಬೀದಿಯವರ ಸಾಲು ಬಂತು. ಡ್ರಿಲ್ ಮೇಷ್ಟ್ರು ಅದೇ ಭರದಲ್ಲಿ ಓದುತ್ತಾ ಹೋಗಿ, “ರುದ್ರಪ್ಪ ಮೇಷ್ಟ್ರು” ಎಂದವರು ಮೈಕಿನಿಂದ ಹಿಂದೆ ಸರಿದು ಕೈಮುಗಿದರು. ಅವರೂ ಅದೇ ಬೆತ್ತದ ಶಿಷ್ಯರು.

ಎರಡನೆಯ ಪೆಟ್ಟಿಗೆಯನ್ನು ನಾನು ಮರೆತಿದ್ದೆ. ನಾನು ಕೈ ಬಿಟ್ಟಿದ್ದೆ, ಅಮ್ಮ ಬಿಟ್ಟಿರಲಿಲ್ಲ. ಅವಳು ಹಿಡಿದುಕೊಂಡಿದ್ದಳೆಂಬ ಒಂದೇ ಕಾರಣಕ್ಕೆ ಯಂತ್ರ ಮೇಷ್ಟ್ರ ಹೆಸರನ್ನು ಪ್ರತಿ ಸಲ ಗುಡಿಸುವಾಗಲೂ ಎತ್ತಿ ಜೋಪಾನವಾಗಿ ಇಟ್ಟಿತ್ತು.  ಶಿವಲಿಂಗಪ್ಪನವರು ಎದ್ದು ನಿಂತರು. ಅವರ ಹಿಂದೆ ಮುಂದಿನ ಸಾಲು ಎದ್ದಿತು, ಆಮೇಲೆ ನೆರೆದ ಜನವೆಲ್ಲ ಎದ್ದಿತು. ಹುಟ್ಟಿದ ಮೇಲೆ ನಾನು ಕಂಡ ದೃಶ್ಯಗಳಲ್ಲಿ ಅಂಥದ್ದು ಇನ್ನೊಂದಿಲ್ಲ. ಒಂದು ಹೆಸರು ಕಪ್ಪು ಬಿಳುಪಿನ ಪರದೆಯ ಮೇಲೆ ಬಲದಿಂದ ಎಡಕ್ಕೆ ನಿಧಾನವಾಗಿ ಹೋಗುತ್ತಿದೆ, ಒಂದು ಊರು ನಿಂತು ಅದನ್ನು ನೋಡುತ್ತಿದೆ. ಕೊನೆಯ ಅಕ್ಷರ ಅಂಚಿನಲ್ಲಿ ಮರೆಯಾಗುವವರೆಗೆ ಯಾರೂ ಕೂರಲಿಲ್ಲ.

“ಮೇಷ್ಟ್ರ ಹೆಸ್ರನ್ನ ಪೂರ್ತಿ ಹೇಳ್ತು ಕಣ್ರೀ” ಎಂದರು ಶಿವಲಿಂಗಪ್ಪನವರು, ಶಲ್ಯದಲ್ಲಿ ಮೂಗು ಒರೆಸಿಕೊಳ್ಳುತ್ತಾ. “ತರೀಕೆರೆಗೂ ಬೇಡ, ಎಲ್ಲಿಗೂ ಬೇಡ. ಇಲ್ಲೇ ಇರ್ಲಿ. ಎಂಥ ಯೋಚ್ನೆ ಮಾಡಿದೀರಿ ಮೇಷ್ಟ್ರೇ!” ನಾನು ವಿನಯದಿಂದ ತಲೆ ತಗ್ಗಿಸಿದೆ. ಇಡೀ ಊರು ಹೊಗಳುತ್ತಿರುವಾಗ ಮಧ್ಯೆ ಬಾಯಿ ಹಾಕಿ ಪೆಟ್ಟಿಗೆಯ ಲೆಕ್ಕ ಹೇಳುವುದು ಸಭ್ಯತೆಯಲ್ಲ.

ಅಲ್ಲಿಂದ ಮುಂದೆ ನಾನು ಮನೆಯಲ್ಲಿ ದೊಡ್ಡ ವೇದಾಂತಿಯಾದೆ. ಹಿಡಿದುಕೊಂಡಷ್ಟೂ ನಿಧಾನ, ಕೈ ಬಿಟ್ಟರೆ ಹಗುರ ಎಂದು ಉಪದೇಶ ಮಾಡಿ ಅಟ್ಟವನ್ನು ಅರ್ಧ ಖಾಲಿ ಮಾಡಿಸಿದೆ. ಕೊಡಲಿ, ಹಿಡಿ ಎರಡೂ ಒಂದೇ ದಿನ ಬಾಷಾ ಸಾಹೇಬರ ಚೀಲ ಸೇರಿದವು. ತಾತಂದಿರು ಅಲ್ಲಾದರೂ ಮಾತಾಡಲಿ ಎಂದು ಅಮ್ಮನೇ ಒಪ್ಪಿದಳು. ಎಂಬತ್ತರ ದಶಕ ಮುಗಿಯುವ ಹೊತ್ತಿಗೆ ಯಂತ್ರವೂ ಮುದಿಯಾಗಿ, ಒಂದು ಸಿಡಿಲಿನ ದಿನ ಕಣ್ಣು ಮುಚ್ಚಿತು. ಶಾಲೆಯಲ್ಲಿ ಜಾಗವಿಲ್ಲವೆಂದರು. ಸಮಿತಿಯವರನ್ನು ಕೇಳಿ ಮನೆಗೆ ತಂದು, ಗಿರಿಜೆ ಹೊಲಿದ ಗೌಸು ಹೊದಿಸಿ, ನನ್ನ ಈಜಿ ಚೇರಿನ ಪಕ್ಕದಲ್ಲಿಟ್ಟುಕೊಂಡೆ.

ಮೊನ್ನೆ ಬಾಷಾ ಸಾಹೇಬರು ಬಂದರು. ಗಡ್ಡ ಪೂರ್ತಿ ಬೆಳ್ಳಗಾಗಿದೆ, ದನಿ ಮಾತ್ರ ಹಾಗೇ ಇದೆ. ಗೌಸು ಸರಿಸಿ ನೋಡಿ, ಎತ್ತಿ ಹಿಡಿಯಲು ಭಾರವಾದ್ದರಿಂದ ಅದರ ಮೇಲೆ ಕೈಯಿಟ್ಟು, “ಇದ್ಕೆ ಯಾರಾದ್ರೂ ಇದೀರಾ ಅಮ್ಮಾ?” ಎಂದು ಕೂಗಿದರು. ಅಡಿಗೆಮನೆಯಿಂದ ಗಿರಿಜೆ “ನಾನಿಲ್ಲಪ್ಪಾ” ಎಂದಳು. ದೇವರ ಕೋಣೆಯಿಂದ ಅಮ್ಮ “ನಾನೂ ಇಲ್ಲ” ಎಂದಳು. ಬಾಷಾ ಸಾಹೇಬರು ನನ್ನ ಮುಖ ನೋಡಿದರು. ನಾನು ಕೈ ಬಿಡುವುದರ ಮಹಿಮೆಯನ್ನು ಇಡೀ ಬೀದಿಗೆ ಬೋಧಿಸಿದವನು. ಬಾಯಿ ತೆರೆದೆ. “ಇರ್ಲಿ” ಎಂಬ ಮಾತು ತಾನಾಗಿಯೇ ಹೊರಬಿತ್ತು.

ಗಿರಿಜೆ ಸೌಟು ಹಿಡಿದುಕೊಂಡು ಬಾಗಿಲಿಗೆ ಬಂದಳು. “ಸಾಹೇಬ್ರೇ, ಅದನ್ನ ಹಿಡ್ಕೊಂಡಿರೋದು ಇವ್ರು. ಇವ್ರನ್ನ ಹಿಡ್ಕೊಂಡಿರೋದು ನಾನು. ಯಾವತ್ತು ನಾನು ಕೈ ಬಿಡ್ತೀನೋ ಆವತ್ತು ಬನ್ನಿ, ಎರಡನ್ನೂ ಒಟ್ಟಿಗೇ ತಗೊಂಡು ಹೋಗೀರಂತೆ.”

ಬಾಷಾ ಸಾಹೇಬರು ನನ್ನನ್ನೂ ಯಂತ್ರವನ್ನೂ ಒಮ್ಮೆ ನೋಡಿ, ಗೌಸು ಸರಿಯಾಗಿ ಹೊದಿಸಿ, ಸೈಕಲ್ಲು ಹತ್ತಿದರು. ಅಂದಿನಿಂದ ಸಾರಿಗೆ ಉಪ್ಪು ಹೆಚ್ಚಾಗಿದೆ ಎಂದು ನಾನು ಒಮ್ಮೆಯೂ ಹೇಳಿಲ್ಲ.